ಇಂಬಳಕ್ಕೆ ಹೆದರಿ ಫೆಬ್ರವರಿಗೆ ಮುಂದೂಡಬೇಡಿ

ಪ್ರಶ್ನೆ: ನಾವು ಶಿವಮೊಗ್ಗದವರು. ನಾನು, ಯಜಮಾನರು, ಹತ್ತು ವರ್ಷದ ಮಗಳು, ಅರವತ್ತೆಂಟು ವರ್ಷದ ಮಾವ, ನಾಲ್ಕೂ ಜನ ಒಂದು ದಿನದ ಮಟ್ಟಿಗೆ ಹಿಡ್ಲುಮನೆ ಜಲಪಾತಕ್ಕೆ ಹೋಗಿಬರಬೇಕು ಅಂದುಕೊಂಡಿದ್ದೇವೆ. ಮಳೆ ಇದ್ದಾಗ ಹೋದರೆ ಇಂಬಳ (ಜಿಗಣೆ) ಜಾಸ್ತಿ ಅಂತ ಎಲ್ಲರೂ ಹೆದರಿಸುತ್ತಾರೆ. ಕಾಡು ಚೆನ್ನಾಗಿ ಒಣಗಿದ ಮೇಲೆ, ಫೆಬ್ರವರಿ ಕೊನೆಗೆ ಹೋಗೋಣ ಅನ್ನುತ್ತಾರೆ ಯಜಮಾನರು. ಮಾವನವರಿಗೆ ಸ್ಟೆಂಟ್ ಹಾಕಿದೆ, ರಕ್ತ ಹೆಪ್ಪುಗಟ್ಟದ ಹಾಗೆ ಮಾತ್ರೆ ತೆಗೆದುಕೊಳ್ಳುತ್ತಾರೆ. ಆದರೆ ದಿನಾ ವಾಕಿಂಗ್ ಮಾಡುತ್ತಾರೆ. ಮಗಳಿಗೆ ನೀರಿಗೆ ಇಳಿಯಲೇಬೇಕಂತೆ. ಯಾವಾಗ ಹೋಗುವುದು ಒಳ್ಳೆಯದು? ಏನೇನು ತಯಾರಿ ಬೇಕು?

ಉತ್ತರ: ಮೊದಲೇ ಹೇಳಿಬಿಡುತ್ತೇನೆ, ಫೆಬ್ರವರಿ ಬೇಡ. ದೀಪಾವಳಿ ಮುಗಿಸಿ ನವೆಂಬರ್‌ನಲ್ಲಿ ಹೋಗಿ. ತಡವಾದರೂ ಡಿಸೆಂಬರ್ ಮೊದಲ ವಾರ ದಾಟಿಸಬೇಡಿ.

ನಿಮ್ಮ ಮನೆಯಲ್ಲಿ ನಡೆದಿರುವ ಲೆಕ್ಕ ನನಗೆ ಹೊಸದಲ್ಲ. ಮಲೆನಾಡಿಗೆ ಬರುವವರಲ್ಲಿ ಮುಕ್ಕಾಲು ಜನ ಇಂಬಳ ಇಲ್ಲದ ತಿಂಗಳು ಯಾವುದು ಅಂತ ನೋಡಿ ರಜೆ ಹಾಕುತ್ತಾರೆ. ಇಂಬಳ ಕಣ್ಣಿಗೆ ಕಾಣುತ್ತದೆ, ರಕ್ತ ಬರುತ್ತದೆ, ಫೋಟೋ ತೆಗೆದು ನೆಂಟರಿಗೆಲ್ಲ ಕಳಿಸಬಹುದು. ಕಾಡು ಒಣಗಿದ ಮೇಲೆ ಬರುವ ಉಣುಗು, ಅಂದರೆ ಉಣ್ಣೆ, ಹಾಗಲ್ಲ. ಅದರ ಮರಿ ಎಳ್ಳುಕಾಳಿಗಿಂತ ದೊಡ್ಡದಿರುವುದಿಲ್ಲ. ಕಚ್ಚಿದ್ದು ಗೊತ್ತೂ ಆಗುವುದಿಲ್ಲ. ಆದರೆ ಇವೆರಡರಲ್ಲಿ ಹೆದರಬೇಕಾದ್ದು ಉಣುಗಿಗೇ.

ಮಂಗನ ಕಾಯಿಲೆ ಅಂದರೆ ನಿಮಗೆ ಗೊತ್ತೇ ಇರುತ್ತದೆ, ನಮ್ಮ ಜಿಲ್ಲೆಯದೇ ಕಾಯಿಲೆ. 1957ರಲ್ಲಿ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸಾಲುಸಾಲಾಗಿ ಸತ್ತು, ಸುತ್ತಲಿನ ಊರಿನವರಿಗೆ ಜ್ವರ ಬಂದಾಗ ಪತ್ತೆಯಾದದ್ದು. ಇವತ್ತಿಗೂ ಪ್ರಪಂಚವೆಲ್ಲ ಅದನ್ನು ಕ್ಯಾಸನೂರು ಕಾಡಿನ ಕಾಯಿಲೆ ಅಂತಲೇ ಕರೆಯುತ್ತದೆ. ವೈರಸ್ ಇರುವುದು ಉಣುಗಿನಲ್ಲಿ. ಮಳೆಗಾಲ ಮುಗಿದ ಮೇಲೆ ಅದರ ಮೊಟ್ಟೆ ಒಡೆಯುತ್ತದೆ. ಆ ಮರಿಗಳು ಇನ್ನೊಂದು ಹಂತ ಬೆಳೆದು, ಹೆಚ್ಚಾಗಿ ಡಿಸೆಂಬರ್‌ನಿಂದ ಮೇ ತನಕ ತರಗೆಲೆಯಲ್ಲಿ, ಕುರುಚಲಿನಲ್ಲಿ ತುಂಬಿಕೊಂಡಿರುತ್ತವೆ. ಜನಕ್ಕೆ ಹೆಚ್ಚಾಗಿ ಕಾಯಿಲೆ ಅಂಟಿಸುವುದು ಈ ಹಂತದವೇ. ಅದಕ್ಕೇ ಜ್ವರದ ಸುದ್ದಿ ಬರುವುದೂ ಹೆಚ್ಚಾಗಿ ಜನವರಿಯಿಂದ ಬೇಸಿಗೆಯ ತನಕ. 2018ರ ಕೊನೆಗೆ ಸಾಗರ ತಾಲೂಕಿನ ಅರಳಗೋಡಿನಲ್ಲಿ ಶುರುವಾದದ್ದು 2019ರ ಬೇಸಿಗೆಯ ತನಕ ಎಷ್ಟು ಮನೆಗಳಲ್ಲಿ ಕಣ್ಣೀರು ಹಾಕಿಸಿತು ಅನ್ನುವುದನ್ನು ಶಿವಮೊಗ್ಗದವರು ಮರೆತಿರಲಾರಿರಿ.

ಎಲ್ಲ ಕಾಡಿನಲ್ಲೂ ಪ್ರತಿ ವರ್ಷ ಈ ಕಾಯಿಲೆ ಇರುತ್ತದೆ ಅಂತ ಇದರ ಅರ್ಥ ಅಲ್ಲ. ಫೆಬ್ರವರಿಯಲ್ಲಿ ಹೋಗಿ ಏನೂ ಆಗದೆ ಬಂದವರೇ ಜಾಸ್ತಿ. ಆದರೆ ಕಾಯಿಲೆ ಬಂದವರಲ್ಲಿ ನೂರಕ್ಕೆ ಮೂರರಿಂದ ಐದು ಜನ ತೀರಿಕೊಳ್ಳುತ್ತಾರೆ. ಇದಕ್ಕೆ ಅಂತಲೇ ಇರುವ ಔಷಧ ಇಲ್ಲ. ಹಿಂದೆ ಕೊಡುತ್ತಿದ್ದ ಲಸಿಕೆಯನ್ನೂ ನಿಲ್ಲಿಸಿದ್ದಾರೆ. ಸೊಪ್ಪು, ದರಗು, ಸೌದೆ ತರಲು ಕಾಡಿಗೆ ಹೋಗಲೇಬೇಕಾದ ಹಳ್ಳಿಯವರಿಗೆ ತಿಂಗಳು ಆರಿಸಿಕೊಳ್ಳುವ ಅವಕಾಶ ಇಲ್ಲ. ನಿಮಗೆ ಇದೆ.

ಇನ್ನು ಇಂಬಳ. ನವೆಂಬರ್‌ನಲ್ಲೂ ನೆರಳಿನ ಜಾಗದಲ್ಲಿ, ಹಳ್ಳದ ಅಂಚಿನಲ್ಲಿ ಇರುತ್ತದೆ. ಇಲ್ಲ ಅಂತ ಸುಳ್ಳು ಹೇಳುವುದಿಲ್ಲ. ಆದರೆ ಜುಲೈಯಲ್ಲಿ ಇರುವುದರ ಕಾಲು ಭಾಗವೂ ಇರುವುದಿಲ್ಲ. ನಮ್ಮ ಕಾಡಿನ ಇಂಬಳದಿಂದ ಜನಕ್ಕೆ ಕಾಯಿಲೆ ಹರಡಿದ್ದನ್ನು ನಾನು ಕೇಳಿಲ್ಲ. ನೆಲದ ಅದುರು, ನಮ್ಮ ಉಸಿರು, ಮೈ ಬಿಸಿ ಹಿಡಿದು ಬರುತ್ತದೆ. ಸಾಲಿನಲ್ಲಿ ಮೊದಲು ನಡೆಯುವವರಿಗಿಂತ ಹಿಂದೆ ಬರುವವರಿಗೆ ಹೆಚ್ಚು ಹತ್ತುವುದು ಅದಕ್ಕೇ. ಮುಂದಿನವರ ಹೆಜ್ಜೆಗೆ ಎದ್ದು ಕೂತಿರುತ್ತದೆ. ಮಗಳನ್ನು ಎರಡನೆಯವಳಾಗಿ ನಡೆಸಿ.

ಹತ್ತಿದರೆ ಗಾಬರಿಯಾಗಿ ಎಳೆದು ಕೀಳಬೇಡಿ. ಬೆಂಕಿಕಡ್ಡಿಯೂ ಬೇಡ. ಸಪೂರವಾಗಿರುವ ತುದಿ ಬಾಯಿ. ಅದು ಚರ್ಮಕ್ಕೆ ತಾಗಿರುವ ಜಾಗದಲ್ಲಿ ಉಗುರನ್ನು ಅಡ್ಡ ಇಟ್ಟು ಸರಿಸಿದರೆ ಬಿಡುತ್ತದೆ. ಆಮೇಲೆ ಇನ್ನೊಂದು ತುದಿ ಬಿಡಿಸಿ. ಸೋಪು ಹಾಕಿ ತೊಳೆಯಿರಿ, ಹತ್ತಿ ಒತ್ತಿ ಹಿಡಿಯಿರಿ. ರಕ್ತ ಹೆಪ್ಪುಗಟ್ಟದ ಹಾಗೆ ಮಾಡುವ ರಸ ಅದರ ಬಾಯಲ್ಲಿರುತ್ತದೆ, ಹಾಗಾಗಿ ಗಾಯ ಸಣ್ಣದಾದರೂ ಗಂಟೆಗಟ್ಟಲೆ ಜಿನುಗಬಹುದು. ಉಪ್ಪು, ಸುಣ್ಣ, ಹೊಗೆಸೊಪ್ಪಿನ ನೀರು, ಬೇವಿನೆಣ್ಣೆ, ಎಲ್ಲವೂ ಕೆಲಸ ಮಾಡುತ್ತವೆ. ಆದರೆ ಅವನ್ನು ಮೊದಲೇ ಶೂ ಮತ್ತು ಕಾಲುಚೀಲಕ್ಕೆ ಸವರಿಕೊಳ್ಳಬೇಕು. ನೀರಿಗೆ ಇಳಿದರೆ ತೊಳೆದು ಹೋಗುತ್ತವೆ, ಮತ್ತೆ ಹಚ್ಚಬೇಕು. ಮಂಡಿ ತನಕ ಬರುವ, ಒತ್ತಾಗಿ ನೇಯ್ದ ಬಟ್ಟೆಯ ಇಂಬಳದ ಕಾಲುಚೀಲ ಸಿಗುತ್ತದೆ. ಎರಡು ಜೊತೆ ಕೊಂಡರೆ ಎಣ್ಣೆಯ ರಗಳೆ ಕಡಿಮೆ. ನಾಲ್ಕು ಜನರಲ್ಲಿ ಯಾರಿಗೆ ಬೇಕು ಅಂದರೆ ಮೊದಲ ಜೊತೆ ಮಾವನವರಿಗೆ.

ಯಾಕೆಂದರೆ ಅವರು ತೆಗೆದುಕೊಳ್ಳುವ ಮಾತ್ರೆಯೂ ರಕ್ತ ಹೆಪ್ಪುಗಟ್ಟದ ಹಾಗೆ ತಡೆಯುತ್ತದೆ. ಇಂಬಳ ಕಚ್ಚಿದ್ದಕ್ಕೆ ಜೀವಕ್ಕೇನೂ ಆಗಲ್ಲ, ಆದರೆ ರಕ್ತ ನಿಲ್ಲಲು ತುಂಬ ಹೊತ್ತು ಬೇಕಾಗಬಹುದು. ಜಾರಿ ಬಿದ್ದು ಪೆಟ್ಟಾದರೆ ಇನ್ನೂ ಕಷ್ಟ, ತಲೆಗೆ ಪೆಟ್ಟಾದರಂತೂ ಸಣ್ಣದು ಅಂತ ಬಿಡುವ ಹಾಗಿಲ್ಲ. ‘ಪ್ರವಾಸಕ್ಕೆ ಒಂದು ದಿನ ಮಾತ್ರೆ ಬಿಟ್ಟರಾಯಿತು’ ಅಂತ ಯಾರಾದರೂ ಸಲಹೆ ಕೊಟ್ಟರೆ ಕೇಳಲೇಬೇಡಿ. ಸ್ಟೆಂಟ್ ಇರುವವರು ಡಾಕ್ಟರ್ ಹೇಳದೆ ಒಂದು ದಿನವೂ ಬಿಡಬಾರದು. ಬಂಡೆ ಹತ್ತಬಹುದೇ ಅಂತ ಅವರ ಹೃದಯದ ಡಾಕ್ಟರನ್ನೇ ಕೇಳಿ. ಕೇಳುವಾಗ ‘ವಾಕಿಂಗ್’ ಅನ್ನಬೇಡಿ. ‘ಎತ್ತರದ ಮೆಟ್ಟಿಲನ್ನು ಒಂದು ಗಂಟೆ ಹತ್ತಿದ ಹಾಗೆ’ ಅನ್ನಿ. ಪಾರ್ಕಿನ ಸಮತಟ್ಟು ದಾರಿಯಲ್ಲಿ ದಿನಾ ನಡೆಯುವ ಕಾಲಿಗೆ ಇದು ಬೇರೆಯೇ ಕೆಲಸ. ಹತ್ತುವಾಗ ಎದೆಗೆ ಶ್ರಮ, ಇಳಿಯುವಾಗ ಮಂಡಿಗೆ. ಬೀಳುವುದು ಹೆಚ್ಚಾಗಿ ಇಳಿಯುವಾಗಲೇ.

ಈಗ ಜಾಗದ ವಿಷಯ. ಹಿಡ್ಲುಮನೆ ಇರುವುದು ಹೊಸನಗರ ತಾಲೂಕಿನ ನಿಟ್ಟೂರಿನ ಹತ್ತಿರ, ಕೊಡಚಾದ್ರಿಯ ಮಗ್ಗುಲಲ್ಲಿ. ಶಿವಮೊಗ್ಗದಿಂದ ಆಯನೂರು, ರಿಪ್ಪನ್‌ಪೇಟೆ, ಹೊಸನಗರ, ಆಮೇಲೆ ನಗರ ಅನ್ನುವ ಊರು ದಾಟಿ ನಿಟ್ಟೂರು. ನೂರು ಕಿಲೋಮೀಟರಿನ ಮೇಲೆ. ಕೊನೆಯ ಭಾಗ ತಿರುವು ರಸ್ತೆ, ಮೂರು ಗಂಟೆ ಹಿಡಿಯಿರಿ. ಬೆಳಗ್ಗೆ ಐದೂವರೆಗೆ ಮನೆ ಬಿಟ್ಟರೆ ಸರಿ. ಡಾಂಬರು ರಸ್ತೆ ಬಿಟ್ಟ ಮೇಲೆ ಎಲ್ಲಿಯ ತನಕ ಜೀಪು, ಎಲ್ಲಿಂದ ನಡಿಗೆ ಅನ್ನುವುದು ಮಳೆ ರಸ್ತೆಯನ್ನು ಹೇಗೆ ಇಟ್ಟಿದೆ ಅನ್ನುವುದರ ಮೇಲೆ ಹೋಗುತ್ತದೆ. ನಿಟ್ಟೂರಿನಲ್ಲಿ ತಿಂಡಿಗೆ ನಿಂತಾಗ ಕೇಳಿ, ಹೇಳುತ್ತಾರೆ. ಸ್ವಂತ ಕಾರನ್ನು ಆ ಕೊರಕಲಿಗೆ ಇಳಿಸುವ ಸಾಹಸ ಬೇಡ.

ಇದು ಜೋಗದ ಹಾಗೆ ಎದುರು ನಿಂತು ನೋಡುವ ಜಲಪಾತ ಅಲ್ಲ. ಒಂದೇ ಏಟಿಗೆ ಧುಮುಕುವುದೂ ಇಲ್ಲ. ಕಾಡಿನ ಒಳಗೆ ಹಂತ ಹಂತವಾಗಿ ಬಂಡೆಯಿಂದ ಬಂಡೆಗೆ ಇಳಿದು ಬರುತ್ತದೆ. ಅದರ ಪಕ್ಕದಲ್ಲೇ, ಕೆಲವು ಕಡೆ ನೀರಿನಲ್ಲೇ ಕಾಲಿಟ್ಟು, ಬೇರು ಬಳ್ಳಿ ಹಿಡಿದು ಜನ ಹತ್ತುತ್ತಾರೆ. ಮೇಲೆ ಹೋದರೆ ಹುಲ್ಲುಬೋಳು, ಅಲ್ಲಿಂದ 1343 ಮೀಟರ್ ಎತ್ತರದ ಕೊಡಚಾದ್ರಿಗೆ ದಾರಿ. ಹುಡುಗರ ಗುಂಪುಗಳು ಹೋಗುವುದು ಅದೇ ದಾರಿಯಲ್ಲಿ. ವಿಡಿಯೋದಲ್ಲಿ ನೀವು ನೋಡಿರುವುದೂ ಅದೇ ಇರಬೇಕು. ನಿಮ್ಮ ಮನೆಯವರಿಗೆ ಆ ಹತ್ತುವಿಕೆ ಬೇಡವೇ ಬೇಡ. ಕೆಳಗಿನ ಹಂತದ ತನಕ ಹೋಗಿ, ಅಲ್ಲಿ ಒಂದೆರಡು ಗಂಟೆ ಕೂತು, ಬಂದ ದಾರಿಯಲ್ಲೇ ವಾಪಸ್. ನಾನು ಯಾವ ಕುಟುಂಬಕ್ಕೂ ಇದಕ್ಕಿಂತ ಹೆಚ್ಚು ಹೇಳುವುದಿಲ್ಲ. ಮೇಲಿನ ಹಂತಗಳಲ್ಲಿ ನೋಟ ಚೆನ್ನಾಗಿದೆ, ನಿಜ. ಆದರೆ ಅಲ್ಲಿ ಯಾರದಾದರೂ ಕಾಲು ಉಳುಕಿದರೆ ಹೊತ್ತು ಇಳಿಸಬೇಕು. ಫೋನು ಸಿಗುವುದಿಲ್ಲ.

ಕಾಲಿಗೆ ಏನು ಹಾಕಬೇಕು ಅನ್ನುವುದು ಇಲ್ಲಿ ದೊಡ್ಡ ಪ್ರಶ್ನೆ. ಬಂಡೆಯ ಮೇಲಿನ ಪಾಚಿ ಎರಡು ಬಗೆ. ಹಸಿರಾಗಿ ದಪ್ಪಗೆ ಕಾಣುವುದಕ್ಕೆ ಎಲ್ಲರೂ ಹುಷಾರಾಗಿರುತ್ತಾರೆ. ಬೀಳಿಸುವುದು ಕಪ್ಪಗೆ, ಬರೀ ಒದ್ದೆ ಕಲ್ಲಿನ ಹಾಗೆ ಕಾಣುವ ತೆಳು ಪಾಚಿ. ಅದರ ಮೇಲೆ ಯಾವ ದುಬಾರಿ ಶೂ ಕೂಡ ನಿಲ್ಲುವುದಿಲ್ಲ. ಒಣಗಿ ಬೂದಿ ಬಣ್ಣಕ್ಕೆ ತಿರುಗಿದ, ಕೈಗೆ ಒರಟಾಗಿ ಸಿಗುವ ಕಲ್ಲು ನೋಡಿ ಕಾಲಿಡಿ. ಇಲ್ಲವೇ ಕಲ್ಲುಗಳ ನಡುವಿನ ಮರಳಿನಲ್ಲಿ ಇಡಿ. ಹಿಂದೆ ಪಟ್ಟಿ ಇಲ್ಲದ ಚಪ್ಪಲಿ, ಅಡಿ ಸವೆದ ಓಟದ ಶೂ ಬೇಡ. ತೋಟದವರನ್ನು ನೋಡಿ ಗಂಬೂಟು ಹಾಕಿಕೊಳ್ಳುವವರಿದ್ದಾರೆ. ತೋಟಕ್ಕೆ ಅದು ಸರಿ, ಹಳ್ಳ ದಾಟುವಾಗ ಒಳಗೆ ನೀರು ತುಂಬಿದರೆ ಕಾಲು ಎತ್ತಲಾಗುವುದಿಲ್ಲ. ರಬ್ಬರ್ ಅಡಿಯ, ಬೆರಳು ಮುಚ್ಚುವ, ಬಿಗಿಯಾಗಿ ಕಟ್ಟುವ ಶೂ ಸಾಕು. ಒಂದು ಊರುಗೋಲು ಮಾವನವರ ಕೈಯಲ್ಲಿ ಇರಲಿ, ನಿಮ್ಮ ಕೈಯಲ್ಲೂ ಇರಲಿ. ಕಾಣದ ಸಂದಿಗೆ, ಬಂಡೆಯ ಬುಡಕ್ಕೆ ಕೈ ಹಾಕುವ ಮುಂಚೆ ಕೋಲಿನಿಂದ ತಟ್ಟಿ ನೋಡಿ. ಹಳ್ಳದ ಪಕ್ಕದ ಪೊದೆ, ಬಿದ್ದ ಎಲೆಗಳ ಮೇಲೆ ಗುಳಿಮಂಡಲ ಜಾತಿಯ ಸಣ್ಣ ಹಾವುಗಳು ಅಲ್ಲಾಡದೆ ಕೂತಿರುತ್ತವೆ. ತುಳಿಯದೆ, ಮುಟ್ಟದೆ ಇದ್ದರೆ ಅವುಗಳ ಪಾಡಿಗೆ ಅವು.

ಮಗಳ ವಿಷಯಕ್ಕೆ ಬರುತ್ತೇನೆ. ನೀರಿಗೆ ಇಳಿಯಲಿ, ಬೇಡ ಅನ್ನಬೇಡಿ. ಮಲೆನಾಡಿನ ಹಳ್ಳಕ್ಕೆ ಕರೆದುಕೊಂಡು ಹೋಗಿ ನೀರು ಮುಟ್ಟಬೇಡ ಅಂದರೆ ಅದು ಶಿಕ್ಷೆ. ಆದರೆ ಎಲ್ಲಿ ಇಳಿಯಬೇಕು ಅನ್ನುವುದನ್ನು ನೀವೇ ಆರಿಸಿ. ಜಲಪಾತದ ಬುಡದ ಗುಂಡಿ ಆಗದು. ಬಿದ್ದ ನೀರು ಅಲ್ಲಿ ಕೆಳಗೆ ಹೋಗಿ ಮಗುಚುತ್ತದೆ, ಈಜು ಬಂದವರನ್ನೂ ಒಳಗೆ ಎಳೆಯುತ್ತದೆ. ಮೇಲಿನಿಂದ ಕಲ್ಲು, ಮರದ ತುಂಡು ಬೀಳುವುದೂ ಉಂಟು. ಅಬ್ಬಿಯ ಕೆಳಗೆ ತಲೆ ಕೊಟ್ಟು ನಿಂತು ಫೋಟೋ ತೆಗೆಸಿಕೊಳ್ಳುವವರು ಇದನ್ನು ಯೋಚಿಸುವುದೇ ಇಲ್ಲ. ಗುಂಡಿಯಿಂದ ಕೆಳಗೆ ಸ್ವಲ್ಪ ದೂರ ಬಂದರೆ ನೀರು ಹರಡಿಕೊಂಡು ತಳದ ಕಲ್ಲು ಕಾಣುವ ಜಾಗ ಸಿಗುತ್ತದೆ. ಅಲ್ಲಿ, ಅವಳ ಮಂಡಿಗಿಂತ ಕಡಿಮೆ ನೀರಿನಲ್ಲಿ, ನಿಮ್ಮಲ್ಲಿ ಒಬ್ಬರು ಕೆಳಗಡೆ ನಿಂತಿರುವಾಗ ಆಡಲಿ. ಅಳತೆ ಅವಳ ಮಂಡಿಯದು, ಯಜಮಾನರದ್ದಲ್ಲ. ಹರಿವಿನ ವೇಗ ಎರಡು ಪಟ್ಟಾದರೆ ನೀರು ಕಾಲಿಗೆ ಕೊಡುವ ಒತ್ತು ನಾಲ್ಕು ಪಟ್ಟಾಗುತ್ತದೆ. ದೊಡ್ಡವರಿಗೆ ತಮಾಷೆ ಅನಿಸುವ ಹರಿವಿನಲ್ಲಿ ಮಕ್ಕಳ ಕಾಲು ಕಿತ್ತುಬರುವುದು ಹೀಗೆ. ಕಾಲಲ್ಲಿ ಗಾಯ ಇದ್ದರೆ ಆ ದಿನ ನೀರು ಬೇಡ. ಇಲಿಜ್ವರ ಹೆಚ್ಚಾಗಿ ಬರುವುದು ಅಂಥ ಗಾಯದ ಮೂಲಕವೇ.

ನೀರು ದಿಢೀರ್ ಏರುವುದರ ಬಗ್ಗೆ ನೀವು ಕೇಳಿಲ್ಲ. ಕೇಳಬೇಕಿತ್ತು. ನೀವು ನಿಂತ ಜಾಗದಲ್ಲಿ ಬಿಸಿಲಿದ್ದು ಮೇಲೆ ಗುಡ್ಡದಲ್ಲಿ ಮಳೆ ಸುರಿಯಬಹುದು. ಕೊಡಚಾದ್ರಿಯಂಥ ಕಡಿದಾದ ಬೆಟ್ಟದಿಂದ ಆ ನೀರು ಹಳ್ಳಕ್ಕೆ ಬರಲು ಬಹಳ ಹೊತ್ತು ಬೇಡ. ಹಿಂಗಾರಿನ ಗುಡುಗು ಮಳೆ ನವೆಂಬರ್‌ನಲ್ಲೂ ಬರುತ್ತದೆ, ಬಹುಪಾಲು ಮಧ್ಯಾಹ್ನದ ಮೇಲೆ. ಅದಕ್ಕೇ ಬೆಳಗ್ಗೆ ಬೇಗ ಹೋಗಿ ಒಂದೂವರೆಗೆಲ್ಲ ನೀರು ಬಿಟ್ಟು ಮೇಲೆ ಬನ್ನಿ ಅನ್ನುವುದು. ತಿಳಿಯಾಗಿದ್ದ ನೀರು ಕದಡಿ ಕೆಂಪಗಾದರೆ, ಎಲೆ ಕಡ್ಡಿ ತೇಲಿ ಬರತೊಡಗಿದರೆ, ಸದ್ದು ದಪ್ಪವಾದರೆ, ಚೀಲ ಚಪ್ಪಲಿ ಅಂತ ನೋಡಬೇಡಿ. ದಡ ಹತ್ತಿ. ಹತ್ತುವಾಗ ನಿಮ್ಮ ವಾಪಸ್ ದಾರಿ ಇರುವ ದಡಕ್ಕೇ ಹತ್ತಿ. ಆಚೆ ದಡದಲ್ಲಿ ಊಟಕ್ಕೆ ಕೂತವರು ಸಂಜೆ ತನಕ ಅಲ್ಲೇ ಸಿಕ್ಕಿಹಾಕಿಕೊಂಡ ಕಥೆಗಳು ಮಲೆನಾಡಿನಲ್ಲಿ ಬೇಕಾದಷ್ಟಿವೆ. ಹಾಗೆ ಸಿಕ್ಕಿಹಾಕಿಕೊಂಡರೂ ದಾಟುವ ಯೋಚನೆ ಬೇಡ, ಕಾಯಿರಿ. ಗುಡುಗು ಮಳೆಯ ನೀರು ಏರಿದಷ್ಟು ಬೇಗ ಅಲ್ಲದಿದ್ದರೂ ಇಳಿದೇ ಇಳಿಯುತ್ತದೆ.

ಮಳೆಗಾಲದಲ್ಲಿ ಇದೇ ಕೊಡಚಾದ್ರಿಯ ಇನ್ನೊಂದು ಮಗ್ಗುಲಲ್ಲಿ, ಕೊಲ್ಲೂರಿನ ಹತ್ತಿರದ ಅರಶಿನಗುಂಡಿಯಲ್ಲಿ, 2023ರ ಜುಲೈನಲ್ಲಿ ಒಬ್ಬ ಯುವಕ ಬಂಡೆಯ ಮೇಲಿಂದ ಜಾರಿ ನೀರು ಪಾಲಾದ. ಜೊತೆಯವರು ವಿಡಿಯೋ ಮಾಡುತ್ತಿದ್ದರು. ದೇಹ ಸಿಗಲು ಸುಮಾರು ಒಂದು ವಾರ ಹಿಡಿಯಿತು. ಜೋರು ಮಳೆಯ ದಿನಗಳಲ್ಲಿ ಇಂಥ ಕಡೆ ಗೇಟು ಹಾಕುವುದು ಇದಕ್ಕೇ. ಸುಮ್ನೆ ಜನರನ್ನು ಸತಾಯಿಸಲು ಅಲ್ಲ. ನೀರು ತುಂಬಿದಾಗಲೇ ಚೆಂದ ಅನ್ನುವವರ ಮಾತು ಒಪ್ಪುತ್ತೇನೆ, ಆದರೆ ಆ ಚೆಂದಕ್ಕೆ ರಸ್ತೆಯಿಂದಲೇ ಕಾಣುವ ಜಲಪಾತಗಳು ಮಲೆನಾಡಿನ ಉದ್ದಕ್ಕೂ ಇವೆ. ನವೆಂಬರ್‌ನಲ್ಲಿ ನೀರು ಕಮ್ಮಿಯಾಗಿರುತ್ತದಲ್ವಾ ಅಂತ ನೀವು ಕೇಳಬಹುದು. ಆಗಿರುತ್ತದೆ, ಆದರೆ ತಿಳಿಯಾಗಿರುತ್ತದೆ. ಮೇಲಿನ ಶೋಲೆ ಕಾಡು (ಬೆಟ್ಟದ ಕಣಿವೆಯ ದಟ್ಟ ಕಾಡು), ಹುಲ್ಲುಬೋಳು ಹೀರಿಕೊಂಡ ಮಳೆಯನ್ನು ನಿಧಾನವಾಗಿ ಬಿಡುತ್ತಿರುತ್ತವೆ. ಫೆಬ್ರವರಿ ಕೊನೆಗೆ ಹೋದರೆ ಉಣುಗಿನ ಅಪಾಯದ ಜೊತೆಗೆ ನೋಡಲು ಸಿಗುವುದೂ ಸೊರಗಿದ ನೀರೇ.

ನವೆಂಬರ್ ಆದರೂ ಉಣುಗಿನ ಜಾಗ್ರತೆ ಬಿಡಬೇಡಿ. ಆ ಹೊತ್ತಿಗೆ ತೀರಾ ಸಣ್ಣ ಮರಿಗಳಿರುತ್ತವೆ, ಕಚ್ಚಿದರೆ ವಾರಗಟ್ಟಲೆ ತುರಿಸುತ್ತದೆ. ತುಂಬು ತೋಳಿನ ತೆಳು ಬಣ್ಣದ ಅಂಗಿ, ಕಾಲುಚೀಲದ ಒಳಗೆ ಸಿಕ್ಕಿಸಿದ ಪ್ಯಾಂಟು. ನಮ್ಮ ಜಿಲ್ಲೆಯಲ್ಲಿ ಆರೋಗ್ಯ ಇಲಾಖೆಯವರು ಹಳ್ಳಿಗಳಲ್ಲಿ ಹಂಚುವ ಡೆಪಾ ಎಣ್ಣೆ ಸಿಕ್ಕರೆ ಕೈಕಾಲಿಗೆ ಹಚ್ಚಿಕೊಳ್ಳಿ. ತರಗೆಲೆಯ ಮೇಲೆ ಕೂರಬೇಡಿ, ಮಲಗಬೇಡಿ, ಬಂಡೆಯ ಮೇಲೆ ಕೂತು ಊಟ ಮಾಡಿ. ಮನೆಗೆ ಬಂದ ಕೂಡಲೇ ಬಟ್ಟೆಯನ್ನು ಬಿಸಿನೀರಿಗೆ ಹಾಕಿ, ಸೋಪು ಹಚ್ಚಿ ಚೆನ್ನಾಗಿ ಸ್ನಾನ ಮಾಡಿ. ಮಗಳ ಕಿವಿಯ ಹಿಂದೆ, ಕಂಕುಳು, ಮಂಡಿಯ ಹಿಂಭಾಗ ನೀವೇ ನೋಡಿ. ದಾರಿಯಲ್ಲಿ ಸತ್ತ ಮಂಗ ಕಂಡರೆ ಹತ್ತಿರ ಹೋಗುವುದಿರಲಿ, ಅಲ್ಲಿಂದ ಮುಂದೆಯೇ ಹೋಗಬೇಡಿ. ಮಂಗ ಸತ್ತ ಮೇಲೆ ಅದರ ಮೈಯಲ್ಲಿದ್ದ ಉಣುಗುಗಳು ಸುತ್ತಲ ನೆಲಕ್ಕೆ ಇಳಿದಿರುತ್ತವೆ. ವಾಪಸ್ ಬಂದು ಹತ್ತಿರದ ಆಸ್ಪತ್ರೆಗೋ ಅರಣ್ಯದವರಿಗೋ ತಿಳಿಸಿ. ಹೋಗಿಬಂದ ಮೂರರಿಂದ ಎಂಟು ದಿನದ ಒಳಗೆ ಚಳಿ ಜ್ವರ, ತಲೆನೋವು, ವಿಪರೀತ ಮೈಕೈ ನೋವು ಬಂದರೆ ‘ಕಾಡಿಗೆ ಹೋಗಿದ್ದೆವು’ ಅಂತ ಡಾಕ್ಟರಿಗೆ ಮೊದಲ ಮಾತಿನಲ್ಲೇ ಹೇಳಿ. ಅಂಗಡಿಯಲ್ಲಿ ಸಿಗುವ ನೋವಿನ ಮಾತ್ರೆ ನುಂಗಿ ಕಾಯಬೇಡಿ.

ಚೀಲದಲ್ಲಿ ಹೆಚ್ಚೇನೂ ಬೇಡ. ತಲಾ ಎರಡು ಲೀಟರ್ ನೀರು, ಬುತ್ತಿ, ಒಂದು ಜೊತೆ ಒಣ ಬಟ್ಟೆ, ಟಾರ್ಚು, ಬ್ಯಾಂಡೇಜು, ಮಾವನವರ ಮಾತ್ರೆ ಮತ್ತು ಅದರ ಹೆಸರು ಬರೆದ ಚೀಟಿ. ಚಿತ್ರಾನ್ನವನ್ನು ಬಾಳೆ ಎಲೆಯಲ್ಲಿ ಕಟ್ಟಿಕೊಂಡು ಹೋದರೂ ಎಲೆಯನ್ನು ಹಳ್ಳಕ್ಕೆ ಎಸೆಯಬೇಡಿ, ಮಂಗಗಳು ಊಟದ ವಾಸನೆಗೆ ಅಲ್ಲೇ ಬೀಡು ಬಿಡುತ್ತವೆ. ಊರಿನ ಒಬ್ಬರನ್ನು ದಾರಿ ತೋರಿಸಲು ಕರೆದುಕೊಳ್ಳಿ. ದಾರಿ ತಪ್ಪುತ್ತದೆ ಅಂತಲ್ಲ. ನೀರು ನೋಡಿ ‘ಇವತ್ತು ಬೇಡ’ ಅನ್ನಲು ಅವರಿಗೆ ಗೊತ್ತಾಗುತ್ತದೆ, ಕಾಟಿ (ಕಾಡುಕೋಣ) ಇರುವ ಜಾಗವೂ ಗೊತ್ತಿರುತ್ತದೆ. ಅವರು ಬೇಡ ಅಂದರೆ ವಾದ ಮಾಡಬೇಡಿ. ದುಡ್ಡನ್ನು ಮೊದಲೇ ಮಾತಾಡಿಕೊಳ್ಳಿ.

ಮಾವನವರ ಡಾಕ್ಟರು ಬೇಡ ಅಂದರೆ ಇನ್ನೊಂದು ದಾರಿ ಇದೆ. ಹಿಡ್ಲುಮನೆ ಬಿಟ್ಟು ತೀರ್ಥಹಳ್ಳಿ ಮೇಲೆ ಆಗುಂಬೆಗೆ ಹೋಗಿ. ಬರ್ಕಣದ ಕಡೆ ಹೋಗುವ ರಸ್ತೆಯಿಂದ ಸ್ವಲ್ಪವೇ ನಡೆದರೆ ಜೋಗಿಗುಂಡಿ. ಎತ್ತರದ ಜಲಪಾತ ಅಲ್ಲ, ಕಾಡಿನೊಳಗೆ ಬಂಡೆಯ ಸಂದಿಯಿಂದ ನೀರು ಗುಂಡಿಗೆ ಬೀಳುತ್ತದೆ ಅಷ್ಟೇ. ಆದರೆ ಅಲ್ಲಿನ ಕಾಡು ಹಿಡ್ಲುಮನೆಗೆ ಯಾವ ರೀತಿಯಲ್ಲೂ ಕಡಿಮೆಯಲ್ಲ, ನಾಲ್ಕೂ ಜನ ಒಟ್ಟಿಗೆ ಹೋಗಬಹುದು. ಗುಂಡಿ ಮಾತ್ರ ಆಳ, ಮಗಳಿಗೆ ಅಲ್ಲಿ ನೀರಾಟ ಇಲ್ಲ. ನನ್ನನ್ನು ಕೇಳಿದರೆ, ಮಾವನವರನ್ನು ಜೀಪಿನಲ್ಲಿ ಕೂರಿಸಿ ಉಳಿದವರು ಹಿಡ್ಲುಮನೆಗೆ ಹೋಗುವುದಕ್ಕಿಂತ ಇದು ವಾಸಿ.

ಕೊನೆಯದಾಗಿ ಅನುಮತಿ. ಕೊಡಚಾದ್ರಿ ಸುತ್ತಲಿನ ಕಾಡು ಮೂಕಾಂಬಿಕಾ ವನ್ಯಜೀವಿ ಧಾಮಕ್ಕೆ ಸೇರಿದ್ದು. ಚಾರಣದ ನಿಯಮ, ಶುಲ್ಕ, ದಿನಕ್ಕೆ ಎಷ್ಟು ಜನ ಅನ್ನುವುದು ಆಗಾಗ ಬದಲಾಗುತ್ತದೆ. ಹೋಗುವ ವಾರದಲ್ಲೇ ಅರಣ್ಯ ಇಲಾಖೆಯ ಅರಣ್ಯ ವಿಹಾರ ಜಾಲತಾಣ ನೋಡಿ, ಇಲ್ಲವೇ ಅಲ್ಲಿನ ವಲಯ ಅರಣ್ಯ ಕಚೇರಿಗೆ ಫೋನು ಮಾಡಿ ಕೇಳಿ. ಶನಿವಾರ, ಭಾನುವಾರ ತಪ್ಪಿಸಿದರೆ ಜೀಪು ಸುಲಭವಾಗಿ ಸಿಗುತ್ತದೆ. ಅಷ್ಟು ದೂರ ಹೋದ ಮೇಲೆ ಗೇಟು ಮುಚ್ಚಿದ್ದರೆ ‘ಹಿಂದಿನ ದಾರಿ ತೋರಿಸುತ್ತೇನೆ’ ಅನ್ನುವವರು ಸಿಗಬಹುದು, ಅವರ ಜೊತೆ ಹೋಗಬೇಡಿ. ವಾಪಸ್ ಬರುವಾಗ ನಗರದಲ್ಲಿ ಇಳಿಯಿರಿ. 1763ರಲ್ಲಿ ಹೈದರಾಲಿ ಗೆದ್ದುಕೊಂಡ ಕೆಳದಿ ಅರಸರ ಬಿದನೂರು ಕೋಟೆ ರಸ್ತೆ ಪಕ್ಕದಲ್ಲೇ ಇದೆ. ಮೆಟ್ಟಿಲು ಇವೆ, ಮಾವನವರು ನಿಧಾನವಾಗಿ ಹತ್ತಬಹುದು. ಅಲ್ಲಿಂದ ಸ್ವಲ್ಪ ದೂರದ ದೇವಗಂಗೆಯ ಕಲ್ಲಿನ ಕೊಳಗಳನ್ನೂ ನೋಡಿಕೊಂಡು ಕತ್ತಲಾಗುವ ಮುಂಚೆ ಹೊಸನಗರ ದಾಟಿಬಿಡಿ.